ಗಿಲಾವಿಗೆ ಮುನ್ನ: ಗೋಡೆಯೊಳಗಿನ ವಿದ್ಯುತ್ ಮಾರ್ಗದ ರಕ್ಷಣೆ

ಶಾಲೆಯ ಹೊಸ ಕಟ್ಟಡವೊಂದು ಸುಣ್ಣಬಣ್ಣ ಬಳಿಸಿಕೊಂಡು, ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿಕೊಂಡು ನಿಂತ ದಿನ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದರ ಎತ್ತರ, ಕಿಟಕಿಗಳ ಸಾಲು, ವಿಶಾಲವಾದ ಪಡಸಾಲೆ, ಪ್ರವೇಶದ್ವಾರದ ಪಕ್ಕದಲ್ಲಿ ದಾನಿಗಳ ಹೆಸರನ್ನು ಹೊತ್ತ ಶಿಲಾಫಲಕ. ಗೋಡೆಯೊಳಗೆ ಹುದುಗಿರುವ ವಿದ್ಯುತ್ ಕೊಳವೆಗಳನ್ನು ಯಾರೂ ಕಾಣರು. ಅವು ಕಾಣದಿರಲೆಂದೇ ಅವನ್ನು ಒಳಗೆ ಇರಿಸಲಾಗಿದೆ. ಆದರೆ ಆ ಕಟ್ಟಡದಲ್ಲಿ ಮುಂದೆ ನಾಲ್ಕೈದು ದಶಕಗಳ ಕಾಲ ಓದುವ, ಉಣ್ಣುವ, ಮಲಗುವ ಮಕ್ಕಳ ಕ್ಷೇಮವು ಬಹುಮಟ್ಟಿಗೆ ಈ ಕಾಣದ ಕೊಳವೆಗಳನ್ನು ಅವಲಂಬಿಸಿರುತ್ತದೆ. ಬಣ್ಣ ಕೆಟ್ಟರೆ ಮತ್ತೆ ಬಳಿಸಬಹುದು. ಬಾಗಿಲು ಜೋತುಬಿದ್ದರೆ ಬಡಗಿಯನ್ನು ಕರೆಸಬಹುದು. ಗಿಲಾವಿನ ಹಿಂದೆ ಮುಚ್ಚಿಹೋದ ತಪ್ಪನ್ನು ತಿದ್ದಬೇಕಾದರೆ ಗೋಡೆಯನ್ನೇ ಒಡೆಯಬೇಕು. ಗೋಡೆ ಕಟ್ಟಿ ಮುಗಿದ ದಿನದಿಂದ ಗಿಲಾವು ಮೆತ್ತುವ ದಿನದವರೆಗೆ ಸಿಗುವ ಅಲ್ಪಾವಧಿಯೇ ಈ ಕೆಲಸಕ್ಕೆ ಇರುವ ಏಕೈಕ ಅವಕಾಶ. ಕಟ್ಟಡ ಸಮಿತಿಗಳು ಅತ್ಯಂತ ಕಡಿಮೆ ಗಮನ ಕೊಡುವುದೂ ಈ ಅವಧಿಗೇ ಎಂಬುದು ವಿಷಾದದ ಸಂಗತಿ.

ಕನ್ನಡ ನಾಡಿಗೆ ವಿದ್ಯುಚ್ಛಕ್ತಿ ಬಂದು ಒಂದು ಶತಮಾನಕ್ಕೂ ಮೇಲಾಯಿತು. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು 1905ರಲ್ಲಿ. ಆ ಕಾಲದಲ್ಲಿ ಮನೆಯೊಳಗಿನ ತಂತಿಗಳು ಗೋಡೆಯ ಮೇಲೆಯೇ ಇರುತ್ತಿದ್ದವು. ಮರದ ಪಟ್ಟಿಯಲ್ಲಿ ಎರಡು ಕಾಲುವೆ ಕೊರೆದು, ಅದರಲ್ಲಿ ತಂತಿಯನ್ನು ಕೂರಿಸಿ, ಮೇಲೊಂದು ಮರದ ಮುಚ್ಚಳ ಹೊಡೆಯುವುದು ಮೊದಲ ಪದ್ಧತಿ. ತರುವಾಯ ತೇಗದ ರೀಪಿನ ಮೇಲೆ ರಬ್ಬರ್ ಹೊದಿಕೆಯ ತಂತಿಯನ್ನು ತಗಡಿನ ಕ್ಲಿಪ್ಪುಗಳಿಂದ ಬಿಗಿಯುವ ಪದ್ಧತಿ ಬಂದಿತು. ಹಳೆಯ ಶಾಲೆಗಳ ತೊಲೆಗಳ ಪಕ್ಕದಲ್ಲಿ ಈ ರೀಪುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ನೋಟಕ್ಕೆ ಅಂದವಲ್ಲದಿದ್ದರೂ ಈ ಪದ್ಧತಿಗಳಿಗೆ ಒಂದು ಗುಣವಿತ್ತು: ತಂತಿ ಎಲ್ಲಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು, ಹೊದಿಕೆ ಬಿರಿದರೆ ಮೇಷ್ಟರ ಕಣ್ಣಿಗೂ ಬೀಳುತ್ತಿತ್ತು. ಕೊಳವೆಗಳನ್ನು ಗೋಡೆಯೊಳಗೆ ಹುದುಗಿಸುವ ಪದ್ಧತಿ ರೂಢಿಗೆ ಬಂದಂದಿನಿಂದ ಗೋಡೆಗಳು ಚೊಕ್ಕಟವಾದುವು. ಅದರೊಡನೆ ಈ ಅನುಕೂಲವೂ ಮರೆಯಾಯಿತು. ಕಣ್ಣಿನ ಕಾವಲು ತಪ್ಪಿದ ಮೇಲೆ ಅದರ ಜಾಗವನ್ನು ಕೆಲಸದ ಅಚ್ಚುಕಟ್ಟುತನವೇ ತುಂಬಬೇಕು.

ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂಬ ಮಾತು ಹಳ್ಳಿಯಲ್ಲಿಯೂ ಪಟ್ಟಣದಲ್ಲಿಯೂ ಕೇಳಿಬರುತ್ತದೆ. ಇದನ್ನು ಸಾಮಾನ್ಯವೆಂದು ಬಗೆದು, ಆ ಗೋಡೆಯನ್ನು ಮುಟ್ಟದಿರುವಂತೆ ಮಕ್ಕಳಿಗೆ ಹೇಳಿ ಸುಮ್ಮನಾಗುವವರಿದ್ದಾರೆ. ಇದು ಸಾಮಾನ್ಯವಲ್ಲ. ಗೋಡೆಯೊಳಗಿನ ತಂತಿಯ ಹೊದಿಕೆ ಎಲ್ಲೋ ಹರಿದಿದೆ, ಒದ್ದೆಯಾದ ಗಾರೆಯ ಮೂಲಕ ವಿದ್ಯುತ್ತು ಸೋರುತ್ತಿದೆ ಎಂಬುದೇ ಅದರ ಅರ್ಥ. ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತ ಮಗು ಆ ಗೋಡೆಗೆ ಕೈಯಿಟ್ಟರೆ, ಸೋರಿದ ವಿದ್ಯುತ್ತಿಗೆ ಮಗುವಿನ ಶರೀರವೇ ಭೂಮಿಗೆ ಇಳಿಯುವ ದಾರಿಯಾಗುತ್ತದೆ. ಒಂದು ಆಂಪಿಯರಿನ ಸಾವಿರದಲ್ಲೊಂದು ಭಾಗವನ್ನು ಮಿಲಿ ಆಂಪಿಯರ್ ಎನ್ನುತ್ತಾರೆ. ಇಂಥ 30 ಮಿಲಿ ಆಂಪಿಯರ್‌ಗಿಂತ ಹೆಚ್ಚಿನ ಪ್ರವಾಹ ಎದೆಯ ಮೂಲಕ ಸ್ವಲ್ಪ ಹೊತ್ತು ಹರಿದರೂ ಪ್ರಾಣಾಪಾಯವಿದೆ. ದೀಪದ ಸಾಲಿಗೆ ಹಾಕುವ ಫ್ಯೂಸು 5 ಆಂಪಿಯರಿನದು, ಎಂದರೆ 5000 ಮಿಲಿ ಆಂಪಿಯರ್. ಮನುಷ್ಯನನ್ನು ಕೊಲ್ಲಬಲ್ಲ ಸೋರಿಕೆಯ ನೂರೈವತ್ತು ಪಟ್ಟಿಗೂ ಮೀರಿದ ಪ್ರವಾಹವನ್ನು ಆ ಫ್ಯೂಸು ನಿರಾತಂಕವಾಗಿ ಹೊರುತ್ತದೆ. ಫ್ಯೂಸು ಇದೆ, ಭಯವಿಲ್ಲ ಎಂಬ ನಂಬಿಕೆ ಈ ವಿಷಯದಲ್ಲಿ ಸಂಪೂರ್ಣ ತಪ್ಪು. ಫ್ಯೂಸು ಇರುವುದು ತಂತಿ ಸುಡದಿರಲೆಂದು. ಮನುಷ್ಯನ ರಕ್ಷಣೆ ಅದರ ಕೆಲಸವಲ್ಲ. ಇಂದು ದೊರೆಯುವ ಎಂ.ಸಿ.ಬಿ.ಗೂ ಇದೇ ಮಾತು ಅನ್ವಯಿಸುತ್ತದೆ. ಸೋರಿಕೆಯನ್ನು ಗುರುತಿಸಿ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವೇ ಬೇರೆ. ಮನುಷ್ಯರ ರಕ್ಷಣೆಗೆ 30 ಮಿಲಿ ಆಂಪಿಯರಿನದನ್ನು ಹಾಕುವುದು ವಾಡಿಕೆ. ಅದು ಎಲ್ಲ ಶಾಲೆಗಳಲ್ಲಿಯೂ, ವಿಶೇಷವಾಗಿ ಪ್ರಸಾದನಿಲಯಗಳಲ್ಲಿ, ಇರಲೇಬೇಕು. ಆದರೆ ಅದು ಕೊನೆಯ ಕಾವಲುಗಾರ. ಮೊದಲ ಕಾವಲು ಗೋಡೆಯೊಳಗಿನ ಕೊಳವೆಯೇ.

ಕೊಳವೆಯಿಲ್ಲದೆ ಬರಿಯ ತಂತಿಯನ್ನೇ ಗೋಡೆಗೆ ಹೊಡೆದು ಮೇಲೆ ಗಿಲಾವು ಮೆತ್ತಿಬಿಡುವ ದುರಭ್ಯಾಸವನ್ನು ಇಲ್ಲಿ ಮೊದಲಿಗೆ ಖಂಡಿಸಬೇಕಾಗಿದೆ. ಹೆಚ್ಚುವರಿ ದೀಪ, ಒಂದು ಗಂಟೆ, ಧ್ವನಿವರ್ಧಕಕ್ಕೊಂದು ಪ್ಲಗ್ಗು, ಹೀಗೆ ಕೊನೆಯ ಗಳಿಗೆಯಲ್ಲಿ ಸೇರಿಸುವ ಪಾಯಿಂಟುಗಳಲ್ಲಿ ಇದು ಹೆಚ್ಚಾಗಿ ನಡೆಯುತ್ತದೆ. ತಂತಿಯ ಪಿ.ವಿ.ಸಿ. ಹೊದಿಕೆಯ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಗೌಂಡಿಯ ತಾಪಿಯ ಅಂಚು ತಾಗಿದರೂ ಅದು ಗೀರುತ್ತದೆ. ಮರಳಿನ ಹರಳುಗಳ ಒತ್ತಡವೂ ಸಾಕು. ಅಂಥ ತಂತಿಯನ್ನು ಮುಂದೆ ಎಳೆದು ಬದಲಿಸುವ ದಾರಿಯೂ ಇರುವುದಿಲ್ಲ. ತಾಮ್ರದ ಅಭಾವವಿದ್ದ ದಶಕಗಳಲ್ಲಿ ನಮ್ಮ ದೇಶದ ಕಟ್ಟಡಗಳಲ್ಲಿ ಅಲ್ಯೂಮಿನಿಯಂ ತಂತಿಯನ್ನೇ ವ್ಯಾಪಕವಾಗಿ ಬಳಸಿದರು. ಒದ್ದೆಯಾದ ಸಿಮೆಂಟು ಕ್ಷಾರಗುಣವುಳ್ಳದ್ದು. ಅಲ್ಯೂಮಿನಿಯಮ್ಮಿಗೆ ಅದು ಪರಮಶತ್ರು. ಹೊದಿಕೆ ಹರಿದೆಡೆ ಗಾರೆಯ ತೇವ ತಗುಲಿದರೆ ತಂತಿ ಒಳಗೊಳಗೇ ಸವೆಯುತ್ತ ಹೋಗುತ್ತದೆ. ಆ ಕಾಲದ ಕಟ್ಟಡಗಳು ಇನ್ನೂ ಬಳಕೆಯಲ್ಲಿರುವ ಸಂಸ್ಥೆಗಳು ಹೊಸ ಕೊಠಡಿಗಳ ಚಿಂತೆಯ ಜೊತೆಗೆ ಹಳೆಯ ಕೊಠಡಿಗಳ ಪರೀಕ್ಷೆಯನ್ನೂ ಮಾಡಿಸುವುದು ಅಪೇಕ್ಷಣೀಯ.

ಇನ್ನು ಗೋಡೆಯನ್ನು ಕೊರೆಯುವ ವಿಷಯ. ಕೊಳವೆಯನ್ನು ಕೂರಿಸಲು ಇಟ್ಟಿಗೆಯಲ್ಲಿ ಕೊರೆಯುವ ಕಾಲುವೆಯನ್ನು ಕೆಲಸಗಾರರು ‘ಕಟಿಂಗ್’ ಎನ್ನುತ್ತಾರೆ. ವೈರ್‌ಮನ್ನನಿಗೆ ಗೋಡೆ ಎಂದರೆ ಕೊಳವೆ ಹಿಡಿಸುವ ಜಾಗ. ಆದರೆ ತಾರಸಿಯ ಭಾರವನ್ನು ಹೊತ್ತು ನಿಂತಿರುವುದೂ ಅದೇ ಗೋಡೆ. ಕಂಬ ತೊಲೆಗಳ ಚೌಕಟ್ಟಿಲ್ಲದೆ ಗೋಡೆಗಳ ಮೇಲೆಯೇ ನಿಂತ ಶಾಲಾ ಕೊಠಡಿಗಳು ನಮ್ಮಲ್ಲಿ ಹೇರಳವಾಗಿವೆ. ಇಂಥ ಭಾರ ಹೊರುವ ಗೋಡೆಗಳ ಬಗ್ಗೆ ಭಾರತೀಯ ಮಾನಕ 1905 ಎಂಬ ಸಂಹಿತೆ ಸ್ಪಷ್ಟವಾದ ಮಿತಿಗಳನ್ನು ಹಾಕಿದೆ. ಮೇಲಿಂದ ಕೆಳಕ್ಕೆ ಇಳಿಯುವ ಕಾಲುವೆಯ ಆಳ ಗೋಡೆಯ ದಪ್ಪದ ಮೂರರಲ್ಲೊಂದು ಭಾಗವನ್ನೂ, ಅಡ್ಡಲಾಗಿ ಹೋಗುವ ಕಾಲುವೆಯ ಆಳ ಆರರಲ್ಲೊಂದು ಭಾಗವನ್ನೂ ಮೀರಕೂಡದು. ಸಾಧ್ಯವಾದಷ್ಟೂ ಅಡ್ಡ ಕಾಲುವೆಯನ್ನು ವರ್ಜಿಸಿ, ನೇರ ಇಳಿಯುವ ಕಾಲುವೆಗಳಿಂದಲೇ ಕೆಲಸ ಮುಗಿಸಬೇಕು. ಅನಿವಾರ್ಯವಾದ ಅಡ್ಡ ಕಾಲುವೆ ಒಂದು ಮೀಟರಿಗಿಂತ ಉದ್ದವಾಗಕೂಡದು.

ಈ ಮಿತಿಗಳ ಮರ್ಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂಬತ್ತು ಅಂಗುಲದ ಗೋಡೆ ಎಂದರೆ 230 ಮಿಲಿಮೀಟರು. ಅದರ ಮೂರರಲ್ಲೊಂದು ಭಾಗ 76 ಮಿಲಿಮೀಟರು. ನೇರ ಕಾಲುವೆಗೆ ಇದು ಧಾರಾಳವಾಯಿತು. ಆರರಲ್ಲೊಂದು ಭಾಗ 38 ಮಿಲಿಮೀಟರು. 25 ಮಿಲಿಮೀಟರಿನ ಕೊಳವೆಯನ್ನು ಕೂರಿಸಿ, ಅದರ ಮೇಲೆ ಇಟ್ಟಿಗೆಯ ಮುಖದವರೆಗೆ ಅರ್ಧ ಅಂಗುಲದಷ್ಟು ಗಾರೆ ತುಂಬಲು ಅಷ್ಟು ಸರಿಹೋಗುತ್ತದೆ. ಆದರೆ ನಾಲ್ಕೂವರೆ ಅಂಗುಲದ ಗೋಡೆಯಲ್ಲಿ? 115 ಮಿಲಿಮೀಟರಿನ ಆರರಲ್ಲೊಂದು ಭಾಗ 19 ಮಿಲಿಮೀಟರು ಮಾತ್ರ. 20 ಮಿಲಿಮೀಟರಿನ ಕೊಳವೆಯೂ ಅದರಲ್ಲಿ ಮುಳುಗದು. ಆದುದರಿಂದ ಅರ್ಧ ಇಟ್ಟಿಗೆಯ ಗೋಡೆಯಲ್ಲಿ ಅಡ್ಡ ಕಾಲುವೆ ಹೊಡೆಯುವ ಮಾತೇ ಇಲ್ಲ. ಅಂಥ ಗೋಡೆಯ ಎರಡು ಬದಿಗಳಲ್ಲಿ, ಒಂದೇ ಜಾಗಕ್ಕೆ ಬೆನ್ನು ಕೊಟ್ಟು ಎರಡು ಸ್ವಿಚ್‌ಬೋರ್ಡುಗಳನ್ನು ಕೂರಿಸಿ, ನಡುವೆ ಕಾಗದದಂಥ ಗೋಡೆಯನ್ನು ಉಳಿಸಿರುವುದನ್ನೂ ಕಾಣಬಹುದು. ಇದು ಗೋಡೆಯನ್ನು ಕೊಂದಂತೆ.

ಸುತ್ತಿಗೆ ಉಳಿಗಳಿಂದ ಹೊಡೆದರೆ ಪಕ್ಕದ ಇಟ್ಟಿಗೆಗಳೂ ಸಡಿಲಗೊಳ್ಳುತ್ತವೆ. ಎರಡು ಗೆರೆಗಳನ್ನು ಕತ್ತರಿಸುವ ಯಂತ್ರದಿಂದ ಮೊದಲು ಕೊರೆದು, ನಡುವಿನ ಭಾಗವನ್ನಷ್ಟೇ ಉಳಿಯಿಂದ ಬಿಡಿಸುವುದು ಸರಿಯಾದ ಕ್ರಮ. ಹೊಸದಾಗಿ ಕಟ್ಟಿದ ಗೋಡೆಯ ಗಾರೆ ಗಟ್ಟಿಯಾಗುವ ಮುನ್ನ ಅದಕ್ಕೆ ಸುತ್ತಿಗೆಯ ಪೆಟ್ಟು ತಾಗಕೂಡದು. ತಾರಸಿಯ ತೊಲೆಗಳನ್ನೂ ಲಿಂಟಲ್ಲುಗಳನ್ನೂ ಕಂಬಗಳನ್ನೂ ಕೊರೆದು ಕಬ್ಬಿಣವನ್ನು ಬಯಲಿಗಿಡುವುದಂತೂ ಅಪರಾಧವೇ ಸರಿ. ಅಲ್ಲಿ ಕೊಳವೆ ಹೋಗಬೇಕಾಗಿದ್ದರೆ ಕಾಂಕ್ರೀಟು ಸುರಿಯುವ ಮುನ್ನವೇ ಅದನ್ನು ಇರಿಸಿರಬೇಕಿತ್ತು.

ಕಾಲುವೆಯ ದಾರಿಯನ್ನು ನಿರ್ಧರಿಸುವುದು ಕೊರೆಯುವುದಕ್ಕಿಂತ ಮುಖ್ಯವಾದ ಕೆಲಸ. ಶಾಲೆಯ ಗೋಡೆಯ ಸ್ವಭಾವ ಮನೆಯ ಗೋಡೆಯಂಥದಲ್ಲ. ಅದಕ್ಕೆ ಕರಿಹಲಗೆ ಬಿಗಿಯಬೇಕು, ಭೂಪಟ ತೂಗಬೇಕು, ಬಸವಣ್ಣನವರ, ಅಕ್ಕಮಹಾದೇವಿಯವರ, ಲಿಂಗೈಕ್ಯರಾದ ಹಿರಿಯ ಶ್ರೀಗಳವರ ಭಾವಚಿತ್ರಗಳು ಬರಬೇಕು, ವಾರ್ಷಿಕೋತ್ಸವ ಬಂದರೆ ತೋರಣಕ್ಕೆಂದು ಮಕ್ಕಳೇ ಹತ್ತಾರು ಮೊಳೆ ಹೊಡೆಯುತ್ತಾರೆ. ಇಷ್ಟೊಂದು ಮೊಳೆಗಳನ್ನು ತಾಳಬೇಕಾದ ಗೋಡೆಯಲ್ಲಿ ಕೊಳವೆಗಳು ಮನಬಂದಂತೆ ಓರೆಯಾಗಿ ಓಡಾಡಿದ್ದರೆ ಯಾವ ಮೊಳೆ ಎಲ್ಲಿ ಇಳಿಯುತ್ತದೆಂದು ಹೇಳಬಲ್ಲವರಾರು? ಕೊಳವೆ ಉಳಿಸಲಿಕ್ಕೆಂದು ಸ್ವಿಚ್‌ಬೋರ್ಡಿನಿಂದ ದೀಪದವರೆಗೆ ಓರೆಗೆರೆ ಎಳೆಯುವ ವೈರ್‌ಮನ್ ಎರಡು ಅಡಿ ಪೈಪನ್ನು ಉಳಿಸಿ ಮುಂದಿನವನ ಕೈಯನ್ನು ಪಣಕ್ಕಿಡುತ್ತಾನೆ. ಬೋರ್ಡಿನಿಂದ ನೇರ ಮೇಲಕ್ಕೆ, ತಾರಸಿಯ ಅಡಿಯಲ್ಲಿ ಅಡ್ಡಕ್ಕೆ, ಮತ್ತೆ ದೀಪದ ಜಾಗಕ್ಕೆ ನೇರ ಕೆಳಕ್ಕೆ. ದಾರಿ ಇಷ್ಟೇ ಸರಳವಾಗಿರಬೇಕು. ಆಗ ಸ್ವಿಚ್ಚನ್ನು ಕಂಡ ಯಾರಿಗೇ ಆಗಲಿ, ಅದರ ನೇರ ಮೇಲೆ ಮೊಳೆ ಹೊಡೆಯಬಾರದೆಂದು ತಿಳಿಯುತ್ತದೆ. ಬ್ರಿಟನ್ನಿನ ವೈರಿಂಗ್ ನಿಯಮಗಳು ಇದೇ ತತ್ತ್ವವನ್ನು ಶಾಸ್ತ್ರವಾಗಿ ಬರೆದಿಟ್ಟಿವೆ. ಮೇಲ್ಮೈಯಿಂದ 50 ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ ಹುದುಗಿಸುವ ತಂತಿಗಳು ಸ್ವಿಚ್ಚು, ಪ್ಲಗ್ಗುಗಳ ನೇರಕ್ಕೆ ಮೇಲೆ ಕೆಳಗೆ ಅಥವಾ ಅಡ್ಡಕ್ಕೆ, ಇಲ್ಲವೆ ಗೋಡೆಯ ಮೂಲೆಯಿಂದ ಹಾಗೂ ಮೇಲಂಚಿನಿಂದ 150 ಮಿಲಿಮೀಟರಿನ ಪಟ್ಟಿಯೊಳಗೆ ಮಾತ್ರ ಹೋಗಬೇಕೆಂಬುದು ಅಲ್ಲಿಯ ಸಾಮಾನ್ಯ ಕಟ್ಟಳೆ. ಅಲ್ಲಿಯ ಗೋಡೆ ಬೇರೆ, ಇಲ್ಲಿಯ ಗೋಡೆ ಬೇರೆ. ಮೊಳೆಯ ಸ್ವಭಾವ ಮಾತ್ರ ಎಲ್ಲ ಕಡೆಯೂ ಒಂದೇ. ನಮ್ಮಲ್ಲಿ ಅಡ್ಡ ಕಾಲುವೆಯನ್ನು ಆದಷ್ಟು ತಪ್ಪಿಸಬೇಕಾಗಿರುವುದರಿಂದ ಅಡ್ಡ ಓಟವನ್ನೆಲ್ಲ ತಾರಸಿಯೊಳಗೇ ಮುಗಿಸಿ, ಗೋಡೆಗೆ ಇಳಿಯುವುದನ್ನು ಮಾತ್ರ ಬಿಡುವುದು ಇನ್ನೂ ಉತ್ತಮ.

ಅಡುಗೆಮನೆಯ ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನೂರಾರು ಮಕ್ಕಳಿಗೆ ಅನ್ನ ಬೇಯುವ ದಾಸೋಹದ ಮನೆಯಲ್ಲಿ ಹಬೆ ಗೋಡೆಗೆ ತಗುಲಿ ನೀರಾಗಿ ಇಳಿಯುತ್ತಲೇ ಇರುತ್ತದೆ. ಒಲೆಯ ಗೋಡೆಯಲ್ಲಿಯೂ, ಪಾತ್ರೆ ತೊಳೆಯುವ ಗೋಡೆಯಲ್ಲಿಯೂ ಕೊಳವೆ ಹುದುಗಿಸದಿರುವುದೇ ವಿವೇಕ. ಸ್ವಿಚ್‌ಬೋರ್ಡನ್ನು ಹೊರಗಿನ ಪಡಸಾಲೆಯ ಒಣಗೋಡೆಗೆ ಒಯ್ಯಬಹುದು. ಸ್ನಾನಗೃಹಗಳಿಗೂ ಇದೇ ನಿಯಮ.

ಕೊಳವೆಯ ಆಯ್ಕೆಯಲ್ಲಿ ಹೆಚ್ಚಿನ ಜಿಜ್ಞಾಸೆಗೆ ಎಡೆಯಿಲ್ಲ. ಐ.ಎಸ್.ಐ. ಮುದ್ರೆಯುಳ್ಳ ಗಡುಸು ಪಿ.ವಿ.ಸಿ. ಕೊಳವೆ, ತಾರಸಿಯೊಳಗಾದರೆ ಭಾರೀ ದರ್ಜೆಯದು, ಗೋಡೆಗೆ ಮಧ್ಯಮ ದರ್ಜೆಗಿಂತ ಕಡಿಮೆಯಲ್ಲದ್ದು. ಮುದ್ರೆಯಿಲ್ಲದ ತೆಳುಕೊಳವೆ ಕಾಲಿನಡಿ ಸಿಕ್ಕರೆ ಚಪ್ಪಟೆಯಾಗುತ್ತದೆ. ಬಿಸಿಲಿನಲ್ಲಿ ನಾಲ್ಕು ದಿನ ಬಿದ್ದಿದ್ದರೆ ಬಾಗಿ ಬಿಲ್ಲಾಗುತ್ತದೆ. ಅಳತೆಯಲ್ಲಿ ಜಿಪುಣತನ ಸಲ್ಲದು. ಇಂದು ನಾಲ್ಕು ತಂತಿ ಸಾಕೆನಿಸಿದ ಕೊಳವೆಯಲ್ಲಿ ಹತ್ತು ವರ್ಷಗಳ ತರುವಾಯ ಆರು ತಂತಿ ಬೇಕಾಗುತ್ತದೆ. ಮೂವತ್ತು ವರ್ಷಗಳ ಹಿಂದೆ ತರಗತಿಯಲ್ಲಿ ಎರಡು ದೀಪ, ಎರಡು ಫ್ಯಾನು ಇದ್ದರೆ ಸಂಪತ್ತು; ಇಂದು ಗಣಕಯಂತ್ರ, ಬಿಂಬಪ್ರಕ್ಷೇಪಕಗಳು ಬಂದು ಕುಳಿತಿವೆ. ಕೊಳವೆಯ ಒಳಜಾಗದ ಅರ್ಧಕ್ಕೂ ಹೆಚ್ಚು ಖಾಲಿಯಿರುವಂತೆ ನೋಡಿಕೊಂಡರೆ ತಂತಿ ಎಳೆಯುವುದೂ ಸುಲಭ, ಬಿಸಿಯೂ ಕಡಿಮೆ. ಗಣಕಯಂತ್ರಗಳ ಜಾಲದ ತಂತಿ, ದೂರವಾಣಿ ತಂತಿಗಳಿಗೆ ಬೇರೆಯೇ ಕೊಳವೆ ಇರತಕ್ಕದ್ದು. 230 ವೋಲ್ಟಿನ ತಂತಿಯ ಜೊತೆಯಲ್ಲಿ ಅವನ್ನು ತುರುಕಕೂಡದು.

ತಿರುವುಗಳಲ್ಲಿ ಕೊಳವೆಯನ್ನು ಸ್ಪ್ರಿಂಗ್ ತೂರಿಸಿ ದೊಡ್ಡ ವರ್ತುಲವಾಗಿ ಬಗ್ಗಿಸಬೇಕು. ಬೆಂಕಿಗೆ ಹಿಡಿದು ಮುರಿದಂತೆ ಬಗ್ಗಿಸಿದರೆ ಒಳಭಾಗ ಮಡಿಚಿಕೊಂಡು ತಂತಿಯ ಹೊದಿಕೆಯನ್ನು ಕೆರೆಯುತ್ತದೆ. ಎರಡು ಪೆಟ್ಟಿಗೆಗಳ ನಡುವೆ ಎರಡಕ್ಕಿಂತ ಹೆಚ್ಚು ತಿರುವು ಬಂದರೆ ನಡುವೆ ಇನ್ನೊಂದು ಪೆಟ್ಟಿಗೆ ಇರಿಸುವುದು ವಾಸಿ. ಕೀಲುಗಳಿಗೆ ಅಂಟು ಹಚ್ಚಲೇಬೇಕು. ಅಂಟಿಲ್ಲದೆ ಸಿಕ್ಕಿಸಿದ ಕೀಲು ನೋಡಲು ಕೂಡಿಕೊಂಡಂತೆಯೇ ಇರುತ್ತದೆ. ಗಿಲಾವಿನ ಸಿಮೆಂಟು ಹಾಲು ಅದರೊಳಗೆ ಇಳಿದು ಗಟ್ಟಿಯಾದ ದಿನ ಗುಟ್ಟು ರಟ್ಟಾಗುತ್ತದೆ. ಆ ದಿನ ಬರುವುದು ತಂತಿ ಎಳೆಯುವಾಗ, ಎಂದರೆ ಗೋಡೆಗೆ ಬಣ್ಣ ಬಳಿಯುವ ಹೊತ್ತಿಗೆ.

ಕೊಳವೆಯನ್ನು ಕಾಲುವೆಯೊಳಗೆ ಬಿಗಿಯುವ ಕೆಲಸದಲ್ಲಿ ಅತಿ ಹೆಚ್ಚಿನ ಅಸಡ್ಡೆ ಕಾಣುತ್ತದೆ. ಇಟ್ಟಿಗೆಯ ಸಂದಿಗೆ ಎರಡು ಮೊಳೆ ಹೊಡೆದು, ಅವನ್ನು ಕೊಳವೆಯ ಮೇಲೆ ಬಗ್ಗಿಸಿ ಅದುಮುವುದು ಎಲ್ಲೆಡೆಯ ವಾಡಿಕೆ. ಈ ಮೊಳೆಯಿಂದ ಮೂರು ತೊಂದರೆಗಳಿವೆ. ಬಗ್ಗಿಸುವ ಪೆಟ್ಟಿಗೆ ಕೊಳವೆ ಅಲ್ಲಿಯೇ ಬಿರುಕು ಬಿಡಬಹುದು. ಮೊಳೆ ತುಕ್ಕು ಹಿಡಿದು ಉಬ್ಬಿ ಗಿಲಾವನ್ನು ಎಬ್ಬಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಡಿತ ಸಾಲದೆ ಕೊಳವೆ ಮುಂದಕ್ಕೆ ಉಬ್ಬಬಹುದು. ಮುಂದಕ್ಕೆ ಉಬ್ಬಿದ ಕೊಳವೆಯ ಮೇಲೆ ಗಿಲಾವು ತೆಳ್ಳಗಾಗುತ್ತದೆ. ಆ ಗೆರೆಯುದ್ದಕ್ಕೂ ಮೊದಲ ಬೇಸಿಗೆಯಲ್ಲಿಯೇ ಕೂದಲೆಳೆಯ ಬಿರುಕು ಮೂಡುತ್ತದೆ. ಪಿ.ವಿ.ಸಿ.ಯ ಹಿಗ್ಗುವಿಕೆ ಗಾರೆಯ ಹಿಗ್ಗುವಿಕೆಗಿಂತ ಹಲವು ಪಟ್ಟು ಹೆಚ್ಚು. ಸಡಿಲವಾಗಿರುವ ಮೂರು ಮೀಟರಿನ ಕೊಳವೆ 20 ಡಿಗ್ರಿಗಳ ಬಿಸಿಲಿನ ಏರಿಳಿತಕ್ಕೆ ಸುಮಾರು 4 ಮಿಲಿಮೀಟರು ಉದ್ದವಾಗುತ್ತದೆ. ಆದುದರಿಂದ ಎರಡು ಅಡಿಗೆ ಮೀರದ ಅಂತರದಲ್ಲಿ, ತಿರುವುಗಳ ಮತ್ತು ಪೆಟ್ಟಿಗೆಗಳ ಬಳಿ ಇನ್ನೂ ಹತ್ತಿರದಲ್ಲಿ, ಸ್ಯಾಡಲ್ಲುಗಳನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಸ್ಯಾಡಲ್ ಹಿಡಿದಿರಬೇಕು, ಹಿಸುಕಬಾರದು. ಕೊಳವೆ ಕಾಲುವೆಯ ತಳಕ್ಕೆ ತಾಗಿ, ಅದರ ಮೈ ಇಟ್ಟಿಗೆಯ ಮುಖಕ್ಕಿಂತ ಅರ್ಧ ಅಂಗುಲದಷ್ಟಾದರೂ ಒಳಗಿರಬೇಕು. ಗಿಲಾವೇ ಕೊಳವೆಯ ರಕ್ಷಣೆ ಎಂದು ಭಾವಿಸುವುದು ತಪ್ಪು. ಒಳಗೋಡೆಯ ಗಿಲಾವು ಸಾಮಾನ್ಯವಾಗಿ 12 ಮಿಲಿಮೀಟರು. ಅದು ಗೋಡೆಯ ಬಟ್ಟೆಯಷ್ಟೇ, ಕವಚವಲ್ಲ.

ಸ್ವಿಚ್ಚಿನ ಪೆಟ್ಟಿಗೆಗಳನ್ನು ರಸಮಟ್ಟ ಹಿಡಿದು ಕೂರಿಸಿ, ಅವುಗಳ ಅಂಚು ಮುಂದೆ ಬರಲಿರುವ ಗಿಲಾವಿನ ಮುಖಕ್ಕೆ ಸರಿಸಮವಾಗಿ ನಿಲ್ಲುವಂತೆ ನೋಡಿಕೊಳ್ಳಬೇಕು. ಇದು ವೈರ್‌ಮನ್ ಒಬ್ಬನೇ ಮಾಡಬಲ್ಲ ಕೆಲಸವಲ್ಲ. ಗೌಂಡಿ ತನ್ನ ಗಿಲಾವಿನ ದಪ್ಪವನ್ನು ತೋರಿಸುವ ಗುರುತಿನ ಬಿಲ್ಲೆಗಳನ್ನು ಮೊದಲು ಗೋಡೆಯ ಮೇಲೆ ಹಾಕಿಕೊಟ್ಟರೆ, ವೈರ್‌ಮನ್ ಅವುಗಳ ನಡುವೆ ನೂಲು ಕಟ್ಟಿ ಪೆಟ್ಟಿಗೆಯನ್ನು ಹೊಂದಿಸಬಲ್ಲನು. ಇಬ್ಬರೂ ಒಂದೇ ದಿನ ಕೆಲಸದ ಜಾಗದಲ್ಲಿರದಿದ್ದರೆ ಇದು ನಡೆಯದು. ಪೆಟ್ಟಿಗೆ ಒಳಕ್ಕೆ ಹುಗಿದುಹೋದರೆ ಸ್ವಿಚ್ಚಿನ ಫಲಕಕ್ಕೆ ಸ್ಕ್ರೂ ಎಟುಕದು. ಹೊರಕ್ಕೆ ಚಾಚಿದರೆ ಫಲಕದ ಹಿಂದೆ ಸಂದಿ ಉಳಿದು ಜಿರಳೆ, ಇರುವೆ, ಮಕ್ಕಳ ಪೆನ್ಸಿಲ್ ತುದಿ ಎಲ್ಲವೂ ಒಳಹೋಗುತ್ತವೆ. ಲೋಹದ ಪೆಟ್ಟಿಗೆಯಾದರೆ ಅದಕ್ಕೆ ಹಸಿರು ಬಣ್ಣದ ಭೂಸಂಪರ್ಕದ ತಂತಿಯನ್ನು ಮರೆಯದೆ ಜೋಡಿಸತಕ್ಕದ್ದು.

ಇಷ್ಟಾದ ಮೇಲೆ ಕೊಳವೆಗಳ ಬಾಯಿ ಮುಚ್ಚಬೇಕು. ಇದಕ್ಕೆ ಎರಡು ಪೈಸೆಯ ಖರ್ಚಿಲ್ಲ. ಒಂದು ಮುಚ್ಚಳ, ಇಲ್ಲದಿದ್ದರೆ ಮಡಿಚಿದ ಸಿಮೆಂಟು ಚೀಲದ ಕಾಗದ. ಬಾಯಿ ತೆರೆದಿಟ್ಟ ಕೊಳವೆಯೊಳಗೆ ಗಾರೆ ಬೀಳುವುದು ಒಂದಾದರೆ, ಕೆಲಸ ಹಣವಿಲ್ಲದೆ ನಿಂತು ಮೂರು ತಿಂಗಳು ಕಳೆದಾಗ ಕುಂಬಾರಹುಳು ಬಂದು ಮಣ್ಣಿನ ಗೂಡು ಕಟ್ಟುವುದು ಇನ್ನೊಂದು. ದಾನಿಗಳ ದೇಣಿಗೆಯಿಂದ ಕಂತುಕಂತಾಗಿ ಏಳುವ ಕಟ್ಟಡಗಳಲ್ಲಿ ಈ ಹುಳುವಿನ ಉಪಟಳ ಕಡಿಮೆಯದಲ್ಲ.

ಕಾಲುವೆಯನ್ನು ಮುಚ್ಚುವ ಗಾರೆ ಗಿಲಾವಿನ ಗಾರೆಗಿಂತ ಬಲವಾಗಿರಬೇಕು. ಗಿಲಾವಿಗೆ ಒಂದಕ್ಕೆ ಆರು ಪಾಲು ಮರಳು ಹಾಕುವ ಕಡೆ ಕಾಲುವೆಗೆ ಒಂದಕ್ಕೆ ಮೂರು ಪಾಲು ಸರಿ. ಮೊದಲು ಧೂಳನ್ನು ಗುಡಿಸಿ, ಇಟ್ಟಿಗೆಗೆ ನೀರು ಚಿಮುಕಿಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿ ಅದನ್ನು ಪುಡಿಯಾಗಿಸುತ್ತದೆ. ಗಾರೆಯನ್ನು ಕೊಳವೆಯ ಎರಡು ಪಕ್ಕಗಳಲ್ಲಿಯೂ ಒತ್ತಿ ತುಂಬಿ, ಒರಟಾಗಿಯೇ ಬಿಟ್ಟು, ಎರಡು ಮೂರು ದಿನ ನೀರುಣಿಸಿ, ಆಮೇಲೆ ಕೋಳಿ ಜಾಲರಿಯನ್ನು ಹೊದಿಸಬೇಕು. ಜಾಲರಿಯ ಪಟ್ಟಿ ಕಾಲುವೆಯ ಎರಡೂ ಕಡೆ ಕೆಲವು ಅಂಗುಲಗಳಷ್ಟು ಇಟ್ಟಿಗೆಯ ಮೇಲೆ ಚಾಚಿರಬೇಕು. ಜಾಲರಿಗೆ ಹೊಡೆಯುವ ಮೊಳೆಗಳು ಈ ಚಾಚಿದ ಅಂಚುಗಳಲ್ಲಿಯೇ ಬೀಳಬೇಕು. ಕೊಳವೆಯನ್ನು ಕಾಪಾಡಲೆಂದು ತಂದ ಜಾಲರಿಯ ಮೊಳೆಯೇ ಕೊಳವೆಯನ್ನು ಚುಚ್ಚಿದ ಉದಾಹರಣೆಗಳು ಈ ಕಸುಬಿನವರಿಗೆ ಹೊಸತಲ್ಲ.

ತಂತಿಯನ್ನು ಯಾವಾಗ ಎಳೆಯಬೇಕು ಎಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ಬೇಗ ಬಿಲ್ಲು ಮಂಜೂರಾಗಲೆಂದು ಗಿಲಾವಿಗೆ ಮುನ್ನವೇ ತಂತಿ ಎಳೆದುಬಿಡುವ ಗುತ್ತಿಗೆದಾರರಿದ್ದಾರೆ. ಇದಕ್ಕೆ ಸಮಿತಿ ಒಪ್ಪಕೂಡದು. ಗಿಲಾವಿಗೆ ಕನಿಷ್ಠ ಒಂದು ವಾರ ನೀರುಣಿಸುತ್ತಾರೆ. ಆ ನೀರು ಪೆಟ್ಟಿಗೆಗಳ ಮೂಲಕ ಕೊಳವೆಗೆ ಇಳಿಯುತ್ತದೆ. ಗೋಡೆ ಒಣಗಿ, ಕೊಳವೆಯಲ್ಲಿ ಬಟ್ಟೆಯ ಉಂಡೆಯೊಂದನ್ನು ಎಳೆದು ನೀರನ್ನೂ ಕಸವನ್ನೂ ತೆಗೆದ ಮೇಲೆಯೇ ತಂತಿ ಒಳಹೋಗಬೇಕು. ಗಿಲಾವಿಗೆ ಮುನ್ನ ಒಮ್ಮೆ, ಗಿಲಾವಿನ ನಂತರ ಒಮ್ಮೆ ಎಳೆದಂತಿಯನ್ನು ಪ್ರತಿಯೊಂದು ಕೊಳವೆಯ ಈ ತುದಿಯಿಂದ ಆ ತುದಿಗೆ ತೂರಿಸಿ ನೋಡುವುದು ಅತ್ಯಗತ್ಯ. ಮೊದಲ ಸಲ ಸಿಕ್ಕಿಕೊಂಡರೆ ತಪ್ಪು ವೈರ್‌ಮನ್ನನದು, ಎರಡನೆಯ ಸಲ ಸಿಕ್ಕಿಕೊಂಡರೆ ಗೌಂಡಿಯದು. ಈ ಒಂದು ಕ್ರಮದಿಂದ ಪರಸ್ಪರ ದೂಷಣೆಗೆ ಎಡೆಯೇ ಇಲ್ಲದಂತಾಗುತ್ತದೆ. ತಂತಿ ಎಳೆದಾದ ಮೇಲೆ, ಸಂಪರ್ಕ ಕೊಡುವ ಮುನ್ನ, 500 ವೋಲ್ಟಿನ ಮೆಗ್ಗರ್ ಯಂತ್ರದಿಂದ ಅವಾಹಕ ಶಕ್ತಿಯನ್ನು ಅಳೆಯಬೇಕು. ಅದು ಒಂದು ಮೆಗ್‌ಓಮಿಗಿಂತ ಕಡಿಮೆ ಬಂದರೆ ಎಲ್ಲಿಯೋ ತೇವವಿದೆ, ಇಲ್ಲವೆ ಹೊದಿಕೆ ಹರಿದಿದೆ. ಆ ಸಾಲಿಗೆ ಸಂಪರ್ಕ ಕೊಡತಕ್ಕದ್ದಲ್ಲ, ಉದ್ಘಾಟನೆಗೆ ಮಂತ್ರಿಗಳು ಬರುವ ದಿನ ನಾಳೆಯೇ ಆಗಿದ್ದರೂ.

ಮೇಲಿನ ವಿವರಗಳೆಲ್ಲ ಇಟ್ಟಿಗೆಯ ಗೋಡೆಗೆ ಅನ್ವಯಿಸುತ್ತವೆ. ನಾಡಿನ ಎಲ್ಲ ಗೋಡೆಗಳೂ ಇಟ್ಟಿಗೆಯವಲ್ಲ. ಕರಾವಳಿಯ ಮುರಕಲ್ಲು ಸುಲಭವಾಗಿ ಕೊರೆಯಿಸಿಕೊಳ್ಳುತ್ತದೆ, ಆದರೆ ನೀರನ್ನೂ ಅಷ್ಟೇ ಸುಲಭವಾಗಿ ಹೀರುತ್ತದೆ; ಮಳೆ ಹೊಡೆಯುವ ದಿಕ್ಕಿನ ಹೊರಗೋಡೆಯಲ್ಲಿ ಕೊಳವೆ ಇಡದಿರುವುದು ಒಳ್ಳೆಯದು. ಒಳನಾಡಿನ ಸೈಜುಗಲ್ಲಿನ ಗೋಡೆಯನ್ನು ಕೊರೆಯುವುದು ಶ್ರಮದ ಕೆಲಸ. ಅದರ ಪೆಟ್ಟುಗಳು ಕಲ್ಲಿನ ಕೂಟವನ್ನೇ ಅಲುಗಿಸುತ್ತವೆ. ಎರೆಮಣ್ಣಿನ ಸೀಮೆಯಲ್ಲಿ ತಳಪಾಯ ಬೇಸಿಗೆಗೆ ಕುಗ್ಗಿ ಮಳೆಗೆ ಹಿಗ್ಗುವುದರಿಂದ ಗೋಡೆಗಳು ಬಿರುಕು ಬಿಡುವುದುಂಟು. ಅಂಥಲ್ಲಿ ಕಿಟಕಿಯ ಮೂಲೆಗಳ ಬಳಿ ಕೊಳವೆ ಹಾಯಿಸದಿದ್ದರೆ ಅರ್ಧ ತೊಂದರೆ ತಪ್ಪಿದಂತೆ, ಏಕೆಂದರೆ ಬಿರುಕು ಸಾಮಾನ್ಯವಾಗಿ ಹುಟ್ಟುವುದು ಆ ಮೂಲೆಗಳಲ್ಲಿ.

ಹಳೆಯ ಮಠದ ಕಟ್ಟಡಗಳ ಮಾತು ಬೇರೆ. ಎರಡು ಮೂರು ಅಡಿ ದಪ್ಪದ ಮಣ್ಣು ಕಲ್ಲಿನ ಗೋಡೆ, ಸುಣ್ಣದ ಗಾರೆ, ಮರದ ಕಂಬ ಬೋದಿಗೆಗಳು. ನೂರಾರು ವರ್ಷ ನಿಂತ ಇಂಥ ಗೋಡೆಯನ್ನು ಒಂದು ಟ್ಯೂಬ್‌ಲೈಟಿಗಾಗಿ ಕೊರೆದು, ಸುಣ್ಣದ ಗಾರೆಯ ಮೇಲೆ ಸಿಮೆಂಟು ಮೆತ್ತಿದರೆ ಆ ತೇಪೆ ಹೆಚ್ಚು ಕಾಲ ಹಿಡಿಯದು. ಸಿಮೆಂಟು ತೇವವನ್ನು ಒಳಗೇ ಕಟ್ಟಿಹಾಕುತ್ತದೆ; ಸುಣ್ಣ ಅದನ್ನು ಹೊರಗೆ ಬಿಡುತ್ತದೆ. ಇಲ್ಲಿ ಕೊಳವೆಯನ್ನು ಗೋಡೆಯ ಮೇಲೆಯೇ, ತೊಲೆಯ ನೆರಳಿನಲ್ಲಿ, ಅಚ್ಚುಕಟ್ಟಾಗಿ ಒಯ್ಯುವುದೇ ಯೋಗ್ಯ. ನೋಟಕ್ಕೆ ಸ್ವಲ್ಪ ಕಡಿಮೆಯಾದೀತು. ಅಜ್ಜಂದಿರ ಕಾಲದ ರೀಪಿನ ವೈರಿಂಗಿಗಿದ್ದ ಗುಣ ಅದಕ್ಕೂ ಇರುತ್ತದೆ.

ಹೊಸ ಕಟ್ಟಡಗಳಲ್ಲಿ ಆ ಗುಣವನ್ನು ಮರಳಿ ತರಲು ಇಂದು ಸುಲಭವಾದ ಉಪಾಯವಿದೆ. ಗಿಲಾವು ಮೆತ್ತುವ ಹಿಂದಿನ ದಿನ ಪ್ರತಿಯೊಂದು ಕೊಠಡಿಯ ಪ್ರತಿಯೊಂದು ಗೋಡೆಯ ಛಾಯಾಚಿತ್ರವನ್ನು ತೆಗೆದಿಡಬೇಕು. ಜೇಬಿನ ದೂರವಾಣಿಯಲ್ಲಿಯೇ ಇದು ಸಾಧ್ಯ. ಚಿತ್ರದಲ್ಲಿ ಒಂದು ಅಳತೆಪಟ್ಟಿ ಗೋಡೆಗೆ ಆನಿಸಿ ನಿಂತಿರಬೇಕು. ಕೊಠಡಿಯ ಸಂಖ್ಯೆ, ದಿಕ್ಕುಗಳನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆಯೇ ಬರೆದಿರಬೇಕು. ದೂರವಾಣಿಯಲ್ಲಿ ಮಾತ್ರ ಉಳಿದ ಚಿತ್ರ ಆ ದೂರವಾಣಿಯ ಜೊತೆಗೇ ಹೋಗುತ್ತದೆ. ಅದನ್ನು ಅಚ್ಚು ಹಾಕಿಸಿ, ಪರವಾನಗಿ ಪಡೆದ ಗುತ್ತಿಗೆದಾರನಿಂದ ಪಡೆದ ವೈರಿಂಗ್ ನಕ್ಷೆ, ಮೆಗ್ಗರ್ ಪರೀಕ್ಷೆಯ ಅಂಕಿಗಳೊಡನೆ ಒಂದೇ ಕಡತದಲ್ಲಿ ಸೇರಿಸಿ, ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟಿನಲ್ಲಿ ಇರಿಸತಕ್ಕದ್ದು. ಅಧಿಕಾರ ವಹಿಸಿಕೊಡುವಾಗ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕಗಳ ಜೊತೆಗೆ ಈ ಕಡತವನ್ನೂ ಪಟ್ಟಿಯಲ್ಲಿ ಬರೆದು ಸಹಿ ಪಡೆಯಬೇಕು. ಭೂಗೋಳದ ಮೇಷ್ಟರು ಏಳನೆಯ ತರಗತಿಯ ಪೂರ್ವದ ಗೋಡೆಗೆ ಏಷ್ಯಾ ಖಂಡದ ಪಟವನ್ನು ತೂಗಹಾಕಲು ಸುತ್ತಿಗೆ ಕೇಳಿಕೊಂಡು ಬಂದಾಗ, ಸುತ್ತಿಗೆಗಿಂತ ಮೊದಲು ಅವರ ಕೈಗೆ ಕೊಡಬೇಕಾದುದು ಆ ಗೋಡೆಯ ಚಿತ್ರ.